ಪಾಡ್‌ಕಾಸ್ಟ್ ಕೇಳಿ | ಯೆಜ್ಡಿ, ಆರ್‌ಎಕ್ಸ್, ಹಳೇ ಬುಲೆಟ್: ಎಂಜಿನ್ ಸವೆಯದ ಹಾಗೆ ಆಯಿಲ್ ಆರಿಸೋದು ಹೇಗೆ?

(ಈ ಸಂಚಿಕೆಯ ಅಕ್ಷರ ರೂಪ ಇಲ್ಲಿದೆ. ಆಡಿಯೊ ಕೇಳಲು ಮೇಲಿನ ಪ್ಲೇ ಬಟನ್ ಒತ್ತಿ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕಿಕೊಂಡು ಕೂತಿರೋ ನಿಮಗೆಲ್ಲ ಸ್ವಾಗತ. ಬೈಕ್ ಓಡಿಸ್ತಾ ಕೇಳ್ತಿದ್ದರೆ ಮಾತ್ರ ದಯವಿಟ್ಟು ಈಗ ನಿಲ್ಲಿಸಿ, ಮನೆ ತಲುಪಿದ ಮೇಲೆ ಕೇಳಿ. ನಾನೆಲ್ಲೂ ಹೋಗಲ್ಲ.

ಹಳೇ ಬೈಕ್ ಇಟ್ಟುಕೊಂಡವರು ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ಹತ್ತು ನಿಮಿಷದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತೆ. "ಯಾವ ಆಯಿಲ್ ಹಾಕ್ತೀರಾ ಗುರು?" ಆಮೇಲೆ ಒಬ್ಬೊಬ್ಬರು ಒಂದೊಂದು ಬ್ರ್ಯಾಂಡ್ ಹೆಸರು ಹೇಳ್ತಾರೆ, ಜಗಳ ಶುರುವಾಗುತ್ತೆ. ನನ್ನ ಪ್ರಕಾರ ಇಲ್ಲಿ ಪ್ರಶ್ನೆಯೇ ಸರಿ ಇಲ್ಲ. ಬ್ರ್ಯಾಂಡ್ ಕೊನೆಗೆ ನೋಡಬೇಕಾದ ವಿಷಯ. ಮೊದಲು ಕೇಳಬೇಕಾದ್ದು ಇದು: ಈ ಆಯಿಲ್ ಎಂಜಿನ್ನಿನ ಯಾವ ಭಾಗಕ್ಕೆ ಹೋಗುತ್ತೆ? ಅಲ್ಲಿ ಅದು ಮಾಡಬೇಕಾದ ಕೆಲಸ ಏನು? ಇವತ್ತಿನ ಸಂಚಿಕೆ ಪೂರ್ತಿ ಇದರ ಬಗ್ಗೆ.

ಸವೆದ ಲೋಹ ವಾಪಸ್ ಬರಲ್ಲ

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಅಂದರೆ, ಹಳೇ ಎಂಜಿನ್ನಿಗೆ ಆಯುಸ್ಸು ಲೆಕ್ಕದ್ದು. ಸಿಲಿಂಡರ್ ಸವೆದರೆ ಬೋರ್ ಮಾಡಿಸ್ತೀವಿ, ದೊಡ್ಡ ಸೈಜಿನ ಪಿಸ್ಟನ್ ಹಾಕಿಸ್ತೀವಿ. ಈ ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25 ಮಿಲಿಮೀಟರ್ ಹಂತದಲ್ಲಿ ಬರುತ್ತವೆ. 0.25, 0.50, 0.75, 1.00. ಅಂದರೆ ಮೂರು ನಾಲ್ಕು ಸಲ ಬೋರ್ ಆದ ಮೇಲೆ ಆ ಸಿಲಿಂಡರಿನ ಕಥೆ ಹೆಚ್ಚುಕಮ್ಮಿ ಮುಗಿದ ಹಾಗೆ. ಆಮೇಲೆ ಹೊಸ ಲೈನರ್ ಕೂರಿಸಬೇಕು, ಇಲ್ಲವೇ ಬೇರೆ ಸಿಲಿಂಡರ್ ಹುಡುಕಬೇಕು.

ನಮ್ಮ ಮೈಸೂರಿನ ಉದಾಹರಣೆಯನ್ನೇ ತಗೊಳ್ಳಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇವತ್ತು ನಿಮ್ಮ ಮನೆಯಲ್ಲಿ ತಾತನ ಯೆಜ್ಡಿ ಇದ್ದರೆ, ಅದರ ಒರಿಜಿನಲ್ ಕ್ರ್ಯಾಂಕ್ ಮತ್ತು ಸಿಲಿಂಡರ್ ಮತ್ತೆ ಆ ಕಾರ್ಖಾನೆಯಿಂದ ಬರಲ್ಲ. ಹೊರಗೆ ಸಿಗೋ ಬಿಡಿಭಾಗಗಳ ಗುಣಮಟ್ಟ ಒಂದೇ ಥರ ಇರಲ್ಲ. ಅಂದಮೇಲೆ ಇರೋ ಲೋಹವನ್ನ ಉಳಿಸಿಕೊಳ್ಳೋದೇ ಜಾಣತನ.

ಎಂಜಿನ್ ಸವೆಯೋಕೆ ಮೂರು ದೊಡ್ಡ ಕಾರಣ. ಒಂದು, ಲೋಹಕ್ಕೆ ಲೋಹ ಉಜ್ಜೋದು. ಎರಡು, ಧೂಳು ಒಳಗೆ ಹೋಗಿ ಉಪ್ಪುಕಾಗದದ ಹಾಗೆ ಕೆರೆಯೋದು. ಮೂರು, ತೇವ ಮತ್ತು ಆಮ್ಲದಿಂದ ತುಕ್ಕು ಹಿಡಿಯೋದು. ಒಳ್ಳೇ ಆಯಿಲ್ ಮೊದಲನೆಯದನ್ನೂ ಮೂರನೆಯದನ್ನೂ ತಡೆಯುತ್ತೆ. ಎರಡನೆಯದಕ್ಕೆ ಏರ್ ಫಿಲ್ಟರ್ ಬೇಕು. ಸೌಂಡ್ ಚೆನ್ನಾಗಿ ಬರುತ್ತೆ ಅಂತ ಆರ್‌ಎಕ್ಸ್ 100ರ ಫಿಲ್ಟರ್ ಕಿತ್ತೆಸೆದು, ಆಮೇಲೆ ದುಬಾರಿ ಆಯಿಲ್ ಹಾಕಿದರೆ ಪ್ರಯೋಜನ ಇಲ್ಲ.

20ಡಬ್ಲ್ಯು-50 ಅಂದರೇನು?

ಡಬ್ಬಿ ಮೇಲಿನ ಬರಹ ಓದೋದು ಕಲಿಯೋಣ. ಮೊದಲಿಗೆ ದಪ್ಪ. ನೀರು ಸರ್ರನೆ ಹರಿಯುತ್ತೆ, ಜೋನಿ ಬೆಲ್ಲ ನಿಧಾನಕ್ಕೆ ಹರಿಯುತ್ತೆ. ಬಿಸಿ ಮಾಡಿದರೆ ಜೋನಿ ಬೆಲ್ಲವೂ ತೆಳ್ಳಗಾಗುತ್ತೆ. ಎಂಜಿನ್ ಆಯಿಲ್ಲೂ ಅಷ್ಟೇ. ತಣ್ಣಗಿರುವಾಗ ದಪ್ಪ, ಕಾದಾಗ ತೆಳು.

20ಡಬ್ಲ್ಯು-50ರಲ್ಲಿ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಮುಂದಿನ 20 ಅನ್ನೋದು ಚಳಿಯಲ್ಲಿ ಆಯಿಲ್ ಹೇಗೆ ನಡೆದುಕೊಳ್ಳುತ್ತೆ ಅನ್ನೋದರ ದರ್ಜೆ. ಹಿಂದಿನ 50 ಅನ್ನೋದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅನ್ನೋದರ ದರ್ಜೆ. ಈ ಅಂಕಿಗಳು ಡಿಗ್ರಿ ಅಲ್ಲ, ಲೀಟರ್ ಅಲ್ಲ, ಬರೀ ದರ್ಜೆ. 100 ಡಿಗ್ರಿಯಲ್ಲಿ 40 ದರ್ಜೆಯ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ ಇರುತ್ತೆ, 50 ದರ್ಜೆಯದ್ದು 16.3ರಿಂದ 21.9.

ಹಾಗಾದರೆ ದಪ್ಪ ಆಯಿಲ್ ಹಾಕಿದರೆ ಸವೆತ ಕಡಿಮೆಯೇ? ಅಷ್ಟು ಸುಲಭ ಇಲ್ಲ. ಗಾಳಿಯಿಂದ ತಣ್ಣಗಾಗೋ ಹಳೇ ಎಂಜಿನ್ ಟ್ರಾಫಿಕ್ಕಲ್ಲಿ ಜೋರಾಗಿ ಕಾಯುತ್ತೆ. ಆಗ ಆಯಿಲ್ ತೀರಾ ತೆಳ್ಳಗಾದರೆ ಬೇರಿಂಗ್ ನಡುವಿನ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತೆ. ಅದಕ್ಕೇ ಇಂಥ ಎಂಜಿನ್ನುಗಳಿಗೆ 40 ಅಥವಾ 50ರ ದರ್ಜೆ ಹೇಳಿರ್ತಾರೆ. ಆದರೆ ಬೇಕಾದ್ದಕ್ಕಿಂತ ದಪ್ಪ ಆಯಿಲ್ ಬೆಳಿಗ್ಗೆ ಮೊದಲ ಕಿಕ್ಕಿಗೆ ಮೇಲಿನ ಭಾಗಗಳನ್ನ ತಲುಪೋಕೆ ತಡ ಮಾಡುತ್ತೆ. ಆ ಕೆಲವು ಸೆಕೆಂಡುಗಳೇ ಕೆಟ್ಟ ಗಳಿಗೆ. ಆದ್ದರಿಂದ "ಎಂಜಿನ್ ಸವೆದಿದೆ, ಇನ್ನೂ ದಪ್ಪದ್ದು ಹಾಕು" ಅನ್ನೋದು ಸದ್ದು ಮುಚ್ಚೋ ಉಪಾಯ. ಅದು ರಿಪೇರಿ ಅಲ್ಲ.

ಯೆಜ್ಡಿ, ಜಾವಾ: ಪೆಟ್ರೋಲಿನ ಜೊತೆಗೇ ಆಯಿಲ್

ಈಗ ಬೈಕಿಗೆ ಬರೋಣ. ಮೈಸೂರಿನಲ್ಲಿ ತಯಾರಾದ ಹಳೇ ಜಾವಾ ಮತ್ತು ಯೆಜ್ಡಿ ಟೂ ಸ್ಟ್ರೋಕ್. ಒಂದು ಎಚ್ಚರ: 2018ರಲ್ಲಿ ಮತ್ತೆ ಬಂದ ಜಾವಾ, 2022ರಲ್ಲಿ ಬಂದ ಯೆಜ್ಡಿ ಫೋರ್ ಸ್ಟ್ರೋಕ್ ಗಾಡಿಗಳು. ಹೆಸರು ಒಂದೇ, ಎಂಜಿನ್ ಬೇರೆ. ಅವುಗಳ ಪೆಟ್ರೋಲ್ ಟ್ಯಾಂಕಿಗೆ ಆಯಿಲ್ ಹಾಕೋ ಹಾಗಿಲ್ಲ.

ಹಳೇ ಯೆಜ್ಡಿಯಲ್ಲಿ ಎರಡು ಬೇರೆ ಬೇರೆ ಎಣ್ಣೆ ಕೆಲಸ ಮಾಡ್ತವೆ. ಒಂದು ಪೆಟ್ರೋಲಿಗೆ ಬೆರೆಸೋ 2ಟಿ ಆಯಿಲ್. ಇದು ಪೆಟ್ರೋಲಿನ ಜೊತೆ ಒಳಗೆ ಬಂದು ಕ್ರ್ಯಾಂಕ್, ಬೇರಿಂಗ್, ಪಿಸ್ಟನ್, ರಿಂಗ್ ಎಲ್ಲದಕ್ಕೂ ಸವರಿಕೊಂಡು, ಕೊನೆಗೆ ಸುಟ್ಟು ಸೈಲೆನ್ಸರಿನಿಂದ ಹೊರಗೆ ಹೋಗುತ್ತೆ. ಇನ್ನೊಂದು ಗೇರ್ ಬಾಕ್ಸಿನ ಆಯಿಲ್. ಇದು ಸುಡಲ್ಲ. ಗೇರನ್ನೂ ಕ್ಲಚ್ಚನ್ನೂ ನೋಡಿಕೊಳ್ಳುತ್ತೆ. ಇವೆರಡನ್ನ ಅದಲು ಬದಲು ಮಾಡೋಕೆ ಆಗಲ್ಲ. ಫೋರ್ ಸ್ಟ್ರೋಕ್ ಎಂಜಿನ್ ಆಯಿಲ್ಲಲ್ಲಿರೋ ಲೋಹದ ಅಂಶಗಳು ಸುಟ್ಟರೆ ಬೂದಿಯಾಗಿ ಪ್ಲಗ್ಗಿಗೂ ಪಿಸ್ಟನ್ ತಲೆಗೂ ಅಂಟಿಕೊಳ್ತವೆ. ಅದನ್ನ ಪೆಟ್ರೋಲಿಗೆ ಬೆರೆಸಬೇಡಿ.

2ಟಿ ಡಬ್ಬಿ ಮೇಲೆ ನೋಡಬೇಕಾದ್ದು ಜಾಸೋ ಅನ್ನೋ ಜಪಾನಿನ ಮಾನದಂಡ. ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ದರ್ಜೆಗಳಿವೆ. ಎಫ್‌ಸಿ ಅಂದರೆ ಹೊಗೆ ಕಡಿಮೆ, ಸೈಲೆನ್ಸರ್ ಕಟ್ಟಿಕೊಳ್ಳೋದೂ ಕಡಿಮೆ. ಎಫ್‌ಡಿ ಎಂಜಿನ್ ಒಳಗಿನ ಮಸಿಯನ್ನ ಇನ್ನೂ ಚೆನ್ನಾಗಿ ತಡೆಯುತ್ತೆ. ರಸ್ತೆ ಗಾಡಿಗೆ ಎಫ್‌ಸಿ ಅಥವಾ ಎಫ್‌ಡಿ ಸಾಕು. ಟಿಸಿ-ಡಬ್ಲ್ಯು3 ಅಂತ ಬರೆದ ಡಬ್ಬಿ ಸಿಕ್ಕರೆ ಅದು ದೋಣಿಯ ಎಂಜಿನ್ನಿಗೆ ಮಾಡಿದ್ದು. ಆ ಎಂಜಿನ್ ನೀರಿನಿಂದ ತಣ್ಣಗಾಗುತ್ತೆ, ನಮ್ಮದು ಗಾಳಿಯಿಂದ. ಬೇಡ.

ಎಷ್ಟು ಬೆರೆಸಬೇಕು? ನಿಮ್ಮ ಮಾಡೆಲ್ಲಿನ ಮ್ಯಾನ್ಯುವಲ್ ಹೇಳಿದಷ್ಟು. ಲೆಕ್ಕ ಸುಲಭ. 1:25 ಅಂದರೆ ಲೀಟರಿಗೆ 40 ಎಂಎಲ್. 1:40 ಅಂದರೆ 25 ಎಂಎಲ್. 1:50 ಅಂದರೆ 20 ಎಂಎಲ್. "ಸ್ವಲ್ಪ ಜಾಸ್ತಿ ಹಾಕಿದರೆ ಒಳ್ಳೇದೇ ಅಲ್ವಾ?" ಅಂತ ತುಂಬಾ ಜನ ಅಂದುಕೊಳ್ತಾರೆ. ಇಲ್ಲೊಂದು ತಮಾಷೆ ಇದೆ. ಕಾರ್ಬೊರೇಟರ್ ಜೆಟ್ಟಿನಲ್ಲಿ ಹಾದುಹೋಗೋ ದ್ರವದಲ್ಲಿ ಆಯಿಲ್ ಜಾಸ್ತಿಯಾದರೆ ಪೆಟ್ರೋಲ್ ಅಷ್ಟು ಕಡಿಮೆಯಾಗುತ್ತೆ. ಪೆಟ್ರೋಲ್ ಕಡಿಮೆಯಾದರೆ ಮಿಶ್ರಣ ಲೀನ್ ಆಗಿ ಎಂಜಿನ್ ಹೆಚ್ಚು ಕಾಯುತ್ತೆ. ಜೊತೆಗೆ ಮಸಿ ಕಟ್ಟುತ್ತೆ, ರಿಂಗ್ ಜಾಮ್ ಆಗುತ್ತೆ. ಕಡಿಮೆ ಹಾಕಿದರಂತೂ ಪಿಸ್ಟನ್ ಸೀಜ್ ಆಗೋ ಭಯ. ಕಣ್ಣಂದಾಜು ಬಿಟ್ಟು ಅಳತೆ ಲೋಟ ಇಟ್ಟುಕೊಳ್ಳಿ.

ಬೆರೆಸೋ ರೀತಿಯೂ ಮುಖ್ಯ. ಪೆಟ್ರೋಲಿಗಿಂತ ಆಯಿಲ್ ಭಾರ. ತುಂಬಿದ ಟ್ಯಾಂಕಿಗೆ ಮೇಲಿಂದ ಆಯಿಲ್ ಸುರಿದರೆ ಅದು ತಳಕ್ಕೆ ಇಳಿದು ನೇರ ಕಾರ್ಬೊರೇಟರಿಗೆ ಹೋಗಬಹುದು. ಬೇರೆ ಕ್ಯಾನಿನಲ್ಲಿ ಕಲಸಿ ಹಾಕೋದು ಉತ್ತಮ. ಬಂಕಿನಲ್ಲೇ ಹಾಕಬೇಕಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಮೊದಲು ಆಯಿಲ್, ಆಮೇಲೆ ಪೆಟ್ರೋಲ್. ರಭಸಕ್ಕೆ ಬೆರೆಯುತ್ತೆ. ಗಾಡಿಯನ್ನ ಎರಡು ಸಲ ಅಲ್ಲಾಡಿಸಿ.

ಇನ್ನೊಂದು ವಿಷಯ ಘಾಟಿ ಇಳಿಯೋರಿಗೆ. ಚಾಮುಂಡಿ ಬೆಟ್ಟ, ಚಾರ್ಮಾಡಿ, ಆಗುಂಬೆ, ಎಲ್ಲೇ ಇರಲಿ. ಇಳಿಜಾರಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಂಜಿನ್ ಜೋರಾಗಿ ತಿರುಗ್ತಾ ಇರುತ್ತೆ, ಆದರೆ ಪೆಟ್ರೋಲ್ ಒಳಗೆ ಹೋಗೋದು ತುಂಬಾ ಕಡಿಮೆ. ಪೆಟ್ರೋಲ್ ಇಲ್ಲ ಅಂದರೆ ಅದರ ಜೊತೆ ಬರೋ ಆಯಿಲ್ಲೂ ಇಲ್ಲ. ಆದ್ದರಿಂದ ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ. ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಲ್ಲಿ ಇಳಿಸೋದು ಮಾತ್ರ ಬೇಡವೇ ಬೇಡ. ಎಂಜಿನ್ ಉಳಿಸೋಕೆ ಹೋಗಿ ಪ್ರಾಣಕ್ಕೆ ಕುತ್ತು ತಂದುಕೊಳ್ಳಬಾರದು.

ಗೇರ್ ಬಾಕ್ಸಿನ ಆಯಿಲ್ ಪದೇ ಪದೇ ಕಡಿಮೆಯಾಗ್ತಿದೆ, ಹೊರಗೆ ಎಲ್ಲೂ ಸೋರ್ತಿಲ್ಲ, ಸೈಲೆನ್ಸರಿನಲ್ಲಿ ಮಾತ್ರ ದಟ್ಟ ಬಿಳಿ ಹೊಗೆ. ಹೀಗಾದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿರಬಹುದು. ಎಂಜಿನ್ ಆ ಆಯಿಲ್ಲನ್ನ ಒಳಗೆಳೆದು ಸುಡ್ತಿರುತ್ತೆ. ಇದಕ್ಕೆ ಯಾವ ಬ್ರ್ಯಾಂಡಿನ ಆಯಿಲ್ಲೂ ಮದ್ದಲ್ಲ, ಸೀಲ್ ಬದಲಾಯಿಸಲೇಬೇಕು.

ಆರ್‌ಎಕ್ಸ್ 100: ಪಂಪ್ ಇದೆ, ಮರೀಬೇಡಿ

1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೂಡ ಟೂ ಸ್ಟ್ರೋಕ್. ಆದರೆ ಇಲ್ಲಿ 2ಟಿ ಆಯಿಲ್ಲಿಗೆ ಬೇರೆ ಟ್ಯಾಂಕ್ ಇದೆ. ಆಟೋಲೂಬ್ ಅನ್ನೋ ಪಂಪ್ ಎಂಜಿನ್ ವೇಗ ಮತ್ತು ಆಕ್ಸಿಲರೇಟರ್ ಎರಡನ್ನೂ ನೋಡಿಕೊಂಡು ಬೇಕಾದಷ್ಟು ಆಯಿಲ್ ಕೊಡುತ್ತೆ. ಆಯಿಲ್ ಟ್ಯಾಂಕ್ ಒಂದು ಸಲ ಪೂರ್ತಿ ಖಾಲಿಯಾದರೆ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತೆ. ಆಮೇಲೆ ಟ್ಯಾಂಕ್ ತುಂಬಿದರೂ ಆಯಿಲ್ ಹೋಗದೇ ಇರಬಹುದು. ಗಾಳಿ ತೆಗೆಸಿ, ಕೇಬಲ್ ಹೊಂದಾಣಿಕೆ ನೋಡಿಸಿಯೇ ಗಾಡಿ ಹೊರಗೆ ತೆಗೀರಿ. ಪಂಪ್ ಕಿತ್ತು ಪೆಟ್ರೋಲಿಗೇ ಬೆರೆಸೋರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದರೆ ಮೊದಲು ಕೇಳಿ ತಿಳಿದುಕೊಳ್ಳಿ: ಪಂಪ್ ಕೆಲಸ ಮಾಡ್ತಿದೆಯಾ, ಮಿಕ್ಸಾ? ಈ ಒಂದು ಪ್ರಶ್ನೆ ಕೇಳದೇ ಇದ್ದರೆ ಪಿಸ್ಟನ್ ಹೋಗುತ್ತೆ.

ಹಳೇ ಬುಲೆಟ್: ಮೂರು ಕೋಣೆ, ಮೂರು ಎಣ್ಣೆ

ಮದ್ರಾಸಿನಲ್ಲಿ 1955ರಲ್ಲಿ ಶುರುವಾದ ಬುಲೆಟ್ಟಿನ ಕಥೆ ಬೇರೆ. ಹಳೇ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ ಫೋರ್ ಸ್ಟ್ರೋಕ್. ಅದರಲ್ಲಿ ಎಂಜಿನ್ನಿಗೆ ಒಂದು, ಪ್ರೈಮರಿ ಚೈನ್ ಮತ್ತು ಕ್ಲಚ್ಚಿಗೆ ಒಂದು, ಗೇರ್ ಬಾಕ್ಸಿಗೆ ಒಂದು, ಹೀಗೆ ಮೂರು ಬೇರೆ ಕೋಣೆಗಳು. 2008ರಿಂದ ಹಂತಹಂತವಾಗಿ ಬಂದ ಯುಸಿಇ ಎಂಜಿನ್ನಿನಲ್ಲಿ ಇದೆಲ್ಲಕ್ಕೂ ಒಂದೇ ಆಯಿಲ್. ಹಾಗಾಗಿ "ನನ್ನ ಫ್ರೆಂಡ್ ಬುಲೆಟ್ಟಿಗೆ ಇದನ್ನ ಹಾಕ್ತಾನೆ" ಅನ್ನೋ ಮಾತಿಗೆ ಅರ್ಥ ಇಲ್ಲ. ಯಾವ ಬುಲೆಟ್ ಅಂತ ಕೇಳಿ.

ಕ್ಲಚ್ ಆಯಿಲ್ಲಿನಲ್ಲೇ ಮುಳುಗಿರೋ ಕಡೆ ಜಾಸೋ ಎಂಎ ಅಥವಾ ಎಂಎ2 ಅಂತ ಬರೆದಿರೋದನ್ನ ಹುಡುಕಿ. ಕಾರಿನ ಕೆಲವು ಆಯಿಲ್ಲುಗಳಲ್ಲಿ ಮೈಲೇಜಿಗಾಗಿ ಜಾರಿಕೆ ಹೆಚ್ಚಿಸೋ ಅಂಶ ಸೇರಿಸಿರ್ತಾರೆ. ಅದು ಕ್ಲಚ್ ಪ್ಲೇಟಿಗೆ ಹೋದರೆ ಕ್ಲಚ್ ಸ್ಲಿಪ್ ಆಗುತ್ತೆ. ಎಂಬಿ ಅಂತ ಬರೆದಿದ್ದು ಸಾಮಾನ್ಯವಾಗಿ ಸ್ಕೂಟರಿಗೆ.

ಇನ್ನು ಝಿಂಕ್ ಬಗ್ಗೆ ಕೇಳಿರ್ತೀರಿ. ಝಡ್‌ಡಿಡಿಪಿ ಅನ್ನೋ ಅಂಶದಲ್ಲಿ ಸತು ಮತ್ತು ರಂಜಕ ಇರುತ್ತೆ. ಕ್ಯಾಮ್ ಮತ್ತು ಟ್ಯಾಪೆಟ್ ಒಂದನ್ನೊಂದು ಒತ್ತಿ ಉಜ್ಜೋ ಜಾಗದಲ್ಲಿ ಇದು ತೆಳ್ಳನೆ ಪದರ ಕಟ್ಟುತ್ತೆ. ಲೋಹದ ಬದಲು ಆ ಪದರ ಸವೆಯುತ್ತೆ. ಆದರೆ ರಂಜಕ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನ ಕೆಡಿಸುತ್ತೆ. ಅದಕ್ಕೇ ಹೊಸ ಕಾರಿನ ತೆಳು ಆಯಿಲ್ಲುಗಳಲ್ಲಿ ರಂಜಕ 0.08 ಶೇಕಡ ಮೀರದ ಹಾಗೆ ಮಿತಿ ಹಾಕಿದ್ದಾರೆ. ಜಾಸೋ ಎಂಎ ಆಯಿಲ್ಲಿನಲ್ಲಿ 0.08ರಿಂದ 0.12 ಶೇಕಡದವರೆಗೆ ಇರಬೇಕು ಅನ್ನೋ ನಿಯಮ ಇದೆ. ಅಂದರೆ ಸರಿಯಾದ ಬೈಕ್ ಆಯಿಲ್ ತಗೊಂಡರೆ ಈ ರಕ್ಷಣೆ ಅದರಲ್ಲೇ ಬರುತ್ತೆ. ಬೇರೆ ಬಾಟಲಿ ತಂದು ಸೇರಿಸೋ ಅಗತ್ಯ ಸಾಮಾನ್ಯವಾಗಿ ಇರಲ್ಲ.

ಹಳೇ ಗೇರ್ ಬಾಕ್ಸುಗಳಲ್ಲಿ ಕಂಚಿನ ಬುಷ್ ಇರುತ್ತೆ. ಜಿಎಲ್-5 ದರ್ಜೆಯ ಕೆಲವು ಗೇರ್ ಆಯಿಲ್ಲುಗಳಲ್ಲಿರೋ ಗಂಧಕ ಕಂಚನ್ನ ತಿನ್ನಬಹುದು. ಮ್ಯಾನ್ಯುವಲ್ ಹೇಳಿದ್ದನ್ನೇ ಹಾಕಿ.

ಮಿನರಲ್ಲಾ, ಸಿಂಥೆಟಿಕ್ಕಾ?

ಸಿಂಥೆಟಿಕ್ ಹಾಕಿದರೆ ಹಳೇ ಎಂಜಿನ್ ಕೆಡುತ್ತೆ ಅನ್ನೋದು ಉತ್ಪ್ರೇಕ್ಷೆ. ದರ್ಜೆ ಸರಿ ಇದ್ದರೆ ಕೆಡಲ್ಲ. ಹಳೇ ಸೀಲ್ ಗಟ್ಟಿಯಾಗಿದ್ದರೆ ಅಲ್ಲಿ ಸೋರಿಕೆ ಕಾಣಿಸಿಕೊಳ್ಳಬಹುದು ಅಷ್ಟೇ. ಹೊಸದಾಗಿ ಬೋರ್ ಮಾಡಿಸಿದ ಫೋರ್ ಸ್ಟ್ರೋಕಿಗೆ ರಿಂಗ್ ಚೆನ್ನಾಗಿ ಕೂರೋವರೆಗೆ ಮಿನರಲ್ ಆಯಿಲ್ ಹಾಕೋದು ರೂಢಿ. ಆದರೆ ಒಂದು ಮಾತು ನೆನಪಿಡಿ. ಕಾಸ್ಟ್ ಐರನ್ ಬುಲೆಟ್ಟಿನ ಆಯಿಲ್ ಫಿಲ್ಟರ್ ಇವತ್ತಿನ ಕಾಗದದ ಫಿಲ್ಟರಿನಷ್ಟು ಸೂಕ್ಷ್ಮ ಅಲ್ಲ. ಕೊಳೆ ಹೊರಗೆ ಹೋಗೋಕೆ ಇರೋ ದಾರಿ ಡ್ರೈನ್ ಬೋಲ್ಟ್ ಒಂದೇ. ದುಬಾರಿ ಆಯಿಲ್ ಹಾಕಿ ಎರಡು ವರ್ಷ ಮರೆಯೋದಕ್ಕಿಂತ, ಸಾಧಾರಣ ಬೆಲೆಯ ಸರಿಯಾದ ದರ್ಜೆಯ ಆಯಿಲ್ಲನ್ನ ಹೇಳಿದ ಹೊತ್ತಿಗೆ ಬದಲಾಯಿಸೋದು ಎಷ್ಟೋ ಮೇಲು.

ಭಾನುವಾರದ ಐದು ನಿಮಿಷ

ಕೊನೆಯದಾಗಿ ಒಂದು ಅಭ್ಯಾಸದ ಬಗ್ಗೆ. ವಾರಕ್ಕೊಮ್ಮೆ ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಗುರ್ ಅನ್ನಿಸಿ ಆಫ್ ಮಾಡೋದು. ಪ್ರೀತಿಯಿಂದಲೇ ಮಾಡ್ತಾರೆ. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತೆ. ಎಂಜಿನ್ ಪೂರ್ತಿ ಕಾಯದೇ ಇದ್ದರೆ ಅದರಲ್ಲಿ ಸ್ವಲ್ಪ ಒಳಗೇ ಹನಿಯಾಗಿ ಕೂತು, ಆಯಿಲ್ ಜೊತೆ ಸೇರಿ ತುಕ್ಕು ಹಿಡಿಸುತ್ತೆ. ಇದರ ಬದಲು ಎರಡು ವಾರಕ್ಕೊಮ್ಮೆಯಾದರೂ ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಕಾದ ಎಂಜಿನ್ ತೇವವನ್ನ ಹೊರಗೆ ಹಾಕುತ್ತೆ.

ತಿಂಗಳುಗಟ್ಟಲೆ ನಿಲ್ಲಿಸೋದಾದರೆ, ನಿಲ್ಲಿಸೋ ಮುಂಚೆಯೇ ಫೋರ್ ಸ್ಟ್ರೋಕಿನ ಹಳೇ ಆಯಿಲ್ ಇಳಿಸಿ ಹೊಸದು ಹಾಕಿ. ಹಳೇ ಆಯಿಲ್ಲಿನ ಆಮ್ಲ ಬೇರಿಂಗಿನ ಮೇಲೆ ಕೂರಬಾರದು. ಕಾಸ್ಟ್ ಐರನ್ ಬುಲೆಟ್ ಮತ್ತೆ ಸ್ಟಾರ್ಟ್ ಮಾಡುವಾಗ ಡೀಕಂಪ್ರೆಸರ್ ಲಿವರ್ ಹಿಡಿದು ಐದಾರು ಸಲ ನಿಧಾನಕ್ಕೆ ಕಿಕ್ ಒತ್ತಿ. ಒಳಗೆ ಆಯಿಲ್ ಸ್ವಲ್ಪ ಓಡಾಡಲಿ. ಸ್ಟಾರ್ಟ್ ಆದ ತಕ್ಷಣ ರೇಸ್ ಮಾಡಬೇಡಿ.

ಟೂ ಸ್ಟ್ರೋಕಿಗೆ ಇನ್ನೊಂದು ಹೊಸ ತೊಂದರೆ ಎಥನಾಲ್. 20 ಶೇಕಡ ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತೆ. ತೇವ ಜಾಸ್ತಿಯಾದರೆ ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ. ಪೆಟ್ರೋಲಿನ ಮೂಲಕವೇ ಎಣ್ಣೆ ಪಡೆಯೋ ಯೆಜ್ಡಿಗೆ ಇದು ಒಳ್ಳೇದಲ್ಲ. ಆದ್ದರಿಂದ ಬೆರೆಸಿದ ಪೆಟ್ರೋಲನ್ನ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ. ಬೇಕಾದಷ್ಟೇ ಹಾಕಿಸಿ, ಖರ್ಚು ಮಾಡಿ.

ಇಳಿಸಿದ ಆಯಿಲ್ಲನ್ನ ಚರಂಡಿಗೆ ಸುರಿಯಬೇಡಿ. ಅದು ಅಪಾಯಕಾರಿ ತ್ಯಾಜ್ಯ. ಡಬ್ಬಿಗೆ ತುಂಬಿ, ಹಳೇ ಆಯಿಲ್ ಸಂಗ್ರಹಿಸೋ ಗ್ಯಾರೇಜಿಗೆ ಕೊಡಿ.

ಈಗ ಅಂಗಡಿಗೆ ಹೋಗೋ ಮುಂಚೆ ಮೂರು ವಿಷಯ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಯಾವ ಕೋಣೆಗೆ? ಅಲ್ಲಿ ಕ್ಲಚ್ ಇದೆಯಾ? ಮ್ಯಾನ್ಯುವಲ್ ಹೇಳಿದ ದರ್ಜೆ ಯಾವುದು? ಈ ಮೂರಕ್ಕೂ ಸರಿಹೊಂದೋ, ಸೀಲ್ ಒಡೆಯದ ಡಬ್ಬಿ ಯಾವ ಹೆಸರಾಂತ ಕಂಪನಿಯದ್ದಾದರೂ ನಡೆಯುತ್ತೆ. ಆಮೇಲೆ ಹಾಕಿದ ದಿನಾಂಕ, ಕಿಲೋಮೀಟರ್ ರೀಡಿಂಗ್ ಎರಡನ್ನೂ ಅದೇ ನೋಟ್‌ನಲ್ಲಿ ಬರೀರಿ. ಮುಂದಿನ ಆಯಿಲ್ ಚೇಂಜ್ ಯಾವಾಗ ಅಂತ ನೆನಪಿನ ಮೇಲೆ ಬಿಡಬೇಡಿ.

ನಿಮ್ಮ ಮನೆಯ ಹಳೇ ಗಾಡಿಗೆ ಯಾವ ಕೋಣೆಯಲ್ಲಿ ಯಾವ ಆಯಿಲ್ ಇದೆ ಅಂತ ಈ ವಾರ ಒಂದು ಸಲ ನೋಡಿ. ಸಂಚಿಕೆ ಉಪಯೋಗ ಆಯ್ತು ಅನ್ನಿಸಿದರೆ, ಗ್ಯಾರೇಜಿನ ಮೂಲೆಯಲ್ಲಿ ಅಪ್ಪನ ಬೈಕಿಗೆ ಬಟ್ಟೆ ಮುಚ್ಚಿ ಇಟ್ಟಿರೋ ಫ್ರೆಂಡಿಗೆ ಇದನ್ನ ಕಳಿಸಿ. ಮತ್ತೆ ಸಿಗೋಣ. ಹೆಲ್ಮೆಟ್ ಹಾಕೋದು ಮರೀಬೇಡಿ. ನಮಸ್ಕಾರ.